ಕಾಲಿನ ಬ್ಲಾಕ್ ತೆಗೆದರೆ ಕಾಲು ಉಳಿದ ಹಾಗೆಯೇ?

ರಾತ್ರಿ ಹನ್ನೆರಡು ದಾಟಿದೆ. ಮಂಚದ ಅಂಚಿನಲ್ಲಿ ಒಬ್ಬರು ಕೂತಿದ್ದಾರೆ. ಒಂದು ಕಾಲು ಮೇಲೆ ಮಡಚಿದೆ, ಇನ್ನೊಂದು ಕೆಳಗೆ ಜೋತುಬಿದ್ದಿದೆ. ಆ ಪಾದ ಕೆಂಪಗಿದೆ, ಸ್ವಲ್ಪ ಊದಿಕೊಂಡಿದೆ. ನೋಡಿದವರಿಗೆ ಅಲ್ಲಿ ರಕ್ತ ಜಾಸ್ತಿಯಾಗಿ ತುಂಬಿಕೊಂಡಿದೆ ಅನ್ನಿಸುತ್ತದೆ. ನಿಜ ಅದಕ್ಕೆ ತದ್ವಿರುದ್ಧ. ಅದೇ ಪಾದವನ್ನು ದಿಂಬಿನ ಮೇಲೆ ಎತ್ತಿಟ್ಟರೆ ಒಂದೆರಡು ನಿಮಿಷದಲ್ಲಿ ಬಿಳಿಚಿಕೊಳ್ಳುತ್ತದೆ, ಬೆರಳುಗಳಲ್ಲಿ ಉರಿ ಶುರುವಾಗುತ್ತದೆ. ಕೆಳಗೆ ಬಿಟ್ಟರೆ ಉರಿ ತಗ್ಗುತ್ತದೆ. ಹಾಗಾಗಿ ಅವರು ವಾರಗಟ್ಟಲೆ ಕೂತೇ ನಿದ್ದೆ ಮಾಡುತ್ತಿರುತ್ತಾರೆ.

ಇದರ ಹಿಂದಿರುವ ಲೆಕ್ಕ ಸುಲಭ. ಕಾಲಿಗೆ ಇಳಿಯುವ ರಕ್ತದ ಒತ್ತಡ ಎಷ್ಟು ಕುಸಿದಿದೆ ಎಂದರೆ, ಭೂಮಿಯ ಸೆಳೆತ ಕೈಹಿಡಿಯದಿದ್ದರೆ ಅದು ಬೆರಳಿನ ತುದಿಯವರೆಗೆ ಹೋಗುವುದೇ ಇಲ್ಲ. ಪಕ್ಕದಲ್ಲಿದ್ದವರು ಪ್ರೀತಿಯಿಂದ "ಕಾಲು ಊದಿದೆ, ಎತ್ತಿಟ್ಟುಕೊಳ್ಳಿ, ಬಿಗಿ ಸಾಕ್ಸ್ ಹಾಕಿ" ಅನ್ನುತ್ತಾರೆ. ಉಬ್ಬಿದ ನರಗಳಿಗೆ, ಅಂದರೆ ವೇರಿಕೋಸ್ ತೊಂದರೆಗೆ ಅದು ಒಳ್ಳೆಯ ಸಲಹೆ. ಇಲ್ಲಿ ಮಾತ್ರ ಅದು ಇದ್ದ ಅಲ್ಪ ಹರಿವನ್ನೂ ಹಿಸುಕಿಬಿಡುತ್ತದೆ.

ವೈದ್ಯರು ಇದಕ್ಕೆ ಇಟ್ಟಿರುವ ಹೆಸರು ಉದ್ದವಾಗಿದೆ: ಕ್ರಾನಿಕ್ ಲಿಂಬ್ ಥ್ರೆಟನಿಂಗ್ ಇಸ್ಕೀಮಿಯಾ. ಕಾಲನ್ನೇ ಕಳೆದುಕೊಳ್ಳುವ ಮಟ್ಟಕ್ಕೆ ಮುಟ್ಟಿದ ರಕ್ತದ ಕೊರತೆ ಅಂತ ಅರ್ಥ. ಎರಡು ವಾರಕ್ಕಿಂತ ಜಾಸ್ತಿ ದಿನ, ಸುಮ್ನೆ ಮಲಗಿದ್ದಾಗಲೂ ಪಾದ ನೋಯುವುದು, ಮಾಯದ ಹುಣ್ಣು, ಕಪ್ಪಾಗುತ್ತಿರುವ ಬೆರಳು. ಇವುಗಳಲ್ಲಿ ಒಂದಿದ್ದು, ಜೊತೆಗೆ ರಕ್ತನಾಳ ಕಟ್ಟಿರುವುದು ಪರೀಕ್ಷೆಯಲ್ಲಿ ಖಚಿತವಾದರೆ ಈ ಹೆಸರು ಬೀಳುತ್ತದೆ. ಹೃದಯದ ಬ್ಲಾಕ್ ಬಗ್ಗೆ ಎಲ್ಲರಿಗೂ ಗೊತ್ತು. ಅದೇ ಕೊಬ್ಬು, ಅದೇ ಸುಣ್ಣ ಕಾಲಿನ ರಕ್ತನಾಳದಲ್ಲೂ ಕಟ್ಟುತ್ತದೆ ಅನ್ನುವುದು ಬಹಳ ಜನಕ್ಕೆ ಬೆರಳು ಕಪ್ಪಾದ ಮೇಲೆಯೇ ತಿಳಿಯುವುದು.

ಚಿಕಿತ್ಸೆ ಇದೆ. ಕಿರಿದಾದ ಜಾಗವನ್ನು ಒಳಗಿನಿಂದ ಉಬ್ಬಿಸಿ ಅಗಲ ಮಾಡುವ ಬಲೂನ್ ಇದೆ, ಅದು ಮತ್ತೆ ಮುಚ್ಚದಂತೆ ಕೂರಿಸುವ ಜಾಲರಿ ಕೊಳವೆ, ಅಂದರೆ ಸ್ಟೆಂಟ್ ಇದೆ, ಕಟ್ಟಿದ ಜಾಗ ದಾಟಲು ಬೇರೆ ದಾರಿ ಹೊಲಿಯುವ ಬೈಪಾಸ್ ಇದೆ. ಯಾವುದು ಎಷ್ಟು ಫಲ ಕೊಡುತ್ತದೆ ಅನ್ನುವ ಪ್ರಶ್ನೆಗೆ 2022ರ ಕೊನೆಯಲ್ಲಿ ಒಂದು ದೊಡ್ಡ ಅಧ್ಯಯನ ಉತ್ತರ ಕೊಟ್ಟಿತು. ಆರು ತಿಂಗಳೂ ಆಗಿರಲಿಲ್ಲ, ಇನ್ನೊಂದು ಅಧ್ಯಯನ ಬಂದು ಅದಕ್ಕೆ ಉಲ್ಟಾ ಹೇಳಿತು. ಎರಡೂ ಗಂಭೀರ ಅಧ್ಯಯನಗಳೇ. ಹಾಗಾದರೆ ಯಾವುದನ್ನು ನಂಬುವುದು? ಅದಕ್ಕಿಂತ ಮೊದಲು ಬೇರೊಂದು ಪ್ರಶ್ನೆ ಕೇಳಬೇಕು: ಇವರು "ಫಲ" ಅಂತ ಎಣಿಸಿದ್ದು ಏನನ್ನು? ರಕ್ತನಾಳ ತೆರೆಯಿತೇ, ಕಾಲು ಉಳಿಯಿತೇ, ಗಾಯ ಮಾಯಿತೇ, ಮನುಷ್ಯ ಬದುಕಿದ್ದಾರೆಯೇ? ಕೇಳುವುದಕ್ಕೆ ನಾಲ್ಕೂ ಒಂದೇ ಥರ ಇವೆ, ಅಲ್ವಾ? ಲೆಕ್ಕಕ್ಕೆ ಕೂತರೆ ನಾಲ್ಕಕ್ಕೂ ನಾಲ್ಕು ಬೇರೆ ಉತ್ತರ.

ನಡೆದಾಗ ನೋವು ಬೇರೆ, ಮಲಗಿದಾಗ ನೋವು ಬೇರೆ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಕಾಲಿನ ರಕ್ತನಾಳ ಕಿರಿದಾದವರು ಜಗತ್ತಿನಲ್ಲಿ 20 ಕೋಟಿಗೂ ಜಾಸ್ತಿ ಇದ್ದಾರೆ ಅನ್ನುವುದು ಅಂದಾಜು. ಅವರಲ್ಲಿ ಬಹಳ ಮಂದಿಗೆ ಏನೂ ಗೊತ್ತಾಗುವುದಿಲ್ಲ. ಕೆಲವರಿಗೆ ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ. ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಹಿಡಿಯುತ್ತದೆ. ಇಂಥವರಲ್ಲಿ ಐದು ವರ್ಷದಲ್ಲಿ ಕಾಲು ಕಳೆದುಕೊಳ್ಳುವವರು ನೂರಕ್ಕೆ ಐದಕ್ಕಿಂತಲೂ ಕಡಿಮೆ. ಇವರಿಗೆ ಮೊದಲ ಮದ್ದು ನಡಿಗೆಯೇ: ನೋವು ಬರುವವರೆಗೆ ನಡೆಯುವುದು, ನಿಲ್ಲುವುದು, ಮತ್ತೆ ನಡೆಯುವುದು. ವಾರಕ್ಕೆ ಮೂರು ಸಲ, ಮೂರು ತಿಂಗಳು ಹೀಗೆ ಮಾಡಿದರೆ ನಡೆಯುವ ದೂರ ನಿಜಕ್ಕೂ ಹೆಚ್ಚುತ್ತದೆ. ಇವರಿಗೆ "ಬ್ಲಾಕ್ ಇದೆ, ತೆಗೆಸದಿದ್ದರೆ ಕಾಲು ಹೋಗುತ್ತದೆ" ಎಂದು ಹೆದರಿಸುವುದು ತಪ್ಪು.

ಮಲಗಿದಾಗಲೂ ನೋಯುವವರ, ಗಾಯ ಮಾಯದವರ ಕತೆ ಬೇರೆ. ಚಿಕಿತ್ಸೆ ಆಗದೆ ಉಳಿದವರನ್ನು ಗಮನಿಸಿದ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಒಂದು ವರ್ಷದ ಹೊತ್ತಿಗೆ ನೂರರಲ್ಲಿ ಸುಮಾರು 22 ಜನ ತೀರಿಕೊಂಡಿದ್ದರು, ಸುಮಾರು 22 ಜನರ ಕಾಲು ತೆಗೆಯಬೇಕಾಗಿತ್ತು. ಹಲವು ಕ್ಯಾನ್ಸರ್‌ಗಳಿಗಿಂತ ಕೆಟ್ಟ ಲೆಕ್ಕ ಇದು. ಆದರೆ ಕ್ಯಾನ್ಸರ್ ಅಂದ ಕೂಡಲೇ ಮನೆಮಂದಿಯೆಲ್ಲ ಎದ್ದು ಓಡುತ್ತಾರೆ, ಕಾಲಿನ ಹುಣ್ಣಿಗೆ ಮುಲಾಮು ಹಚ್ಚಿಕೊಂಡು ಕೂರುತ್ತಾರೆ.

ಇದ್ದಕ್ಕಿದ್ದ ಹಾಗೆ ಕಾಲು ತಣ್ಣಗಾಗಿ, ಬಿಳಿಚಿ, ಮರಗಟ್ಟಿದರೆ ಅದು ಮೂರನೆಯದು. ಹೆಪ್ಪುಗಟ್ಟಿದ ರಕ್ತ ಬಂದು ಸಿಕ್ಕಿಕೊಂಡಿರುತ್ತದೆ. ಅಲ್ಲಿ ವಾರಗಳಲ್ಲ, ಗಂಟೆಗಳ ಲೆಕ್ಕ. ಈ ಲೇಖನ ಅದರ ಬಗ್ಗೆ ಅಲ್ಲ.

ಶುಗರ್ ಇರುವವರಲ್ಲಿ ಇನ್ನೊಂದು ಮೋಸ ನಡೆಯುತ್ತದೆ. ವರ್ಷಗಟ್ಟಲೆ ಸಕ್ಕರೆ ಹೆಚ್ಚಿದ್ದು ಪಾದದ ನರಗಳು ಜಡವಾಗಿರುತ್ತವೆ. ನೋವೇ ಬರುವುದಿಲ್ಲ. ಚಪ್ಪಲಿ ಕಚ್ಚಿದ್ದೋ, ಉಗುರು ಕತ್ತರಿಸುವಾಗ ತಗುಲಿದ್ದೋ ಸಣ್ಣ ಗಾಯವೇ ಮೊದಲ ಸುದ್ದಿ. ಪರೀಕ್ಷೆಯಲ್ಲೂ ಮೋಸವಿದೆ. ತೋಳಿನ ಬಿಪಿ ನೋಡಿದ ಹಾಗೆಯೇ ಪಾದದ ಗಂಟಿನ ಬಿಪಿ ನೋಡಿ, ಎರಡನ್ನೂ ಹೋಲಿಸುವ ಒಂದು ಸರಳ ಪರೀಕ್ಷೆ ಇದೆ. ಎರಡೂ ಸರಿಸುಮಾರು ಸಮ ಇರಬೇಕು. ಕಾಲಿನದು ತೋಳಿನದರ 0.9 ಪಟ್ಟಿಗಿಂತ ಇಳಿದರೆ ಅಡಚಣೆ ಇದೆ ಎಂದು ತಿಳಿಯಬೇಕು, 0.4ಕ್ಕಿಂತ ಇಳಿದರೆ ಕಾಲಿಗೇ ಕುತ್ತು. ಆದರೆ ಶುಗರ್ ಇದ್ದವರಲ್ಲಿ, ಕಿಡ್ನಿ ಕೆಟ್ಟವರಲ್ಲಿ ರಕ್ತನಾಳದ ಗೋಡೆಗೆ ಸುಣ್ಣ ಕಟ್ಟಿ ಕೊಳವೆಯ ಹಾಗೆ ಗಟ್ಟಿಯಾಗಿರುತ್ತದೆ. ಪಟ್ಟಿ ಎಷ್ಟು ಬಿಗಿದರೂ ಅದು ಒತ್ತಿಕೊಳ್ಳುವುದಿಲ್ಲ. ಯಂತ್ರ 1.4 ಅಂತಲೋ ಇನ್ನೂ ಜಾಸ್ತಿಯೋ ತೋರಿಸುತ್ತದೆ, ರಿಪೋರ್ಟ್ ನೋಡಿದವರು "ಚೆನ್ನಾಗಿದೆ" ಅನ್ನುತ್ತಾರೆ. ಒಳಗೆ ಹರಿವೇ ಇರುವುದಿಲ್ಲ. ಹೆಬ್ಬೆರಳಿನ ರಕ್ತನಾಳಕ್ಕೆ ಸುಣ್ಣ ಅಷ್ಟಾಗಿ ಕಟ್ಟದ ಕಾರಣ ಅಲ್ಲಿ ಒತ್ತಡ ಅಳೆಯಬೇಕು. ಅದು 30ಕ್ಕಿಂತ ಕೆಳಗಿದ್ದರೆ ಗಾಯ ತಾನಾಗಿ ಮಾಯುವ ಆಸೆ ತೀರಾ ಕಡಿಮೆ.

ಫಲಿತಾಂಶ ಅರ್ಧಕ್ಕರ್ಧ ತೀರ್ಮಾನವಾಗುವುದು ಇಲ್ಲಿಯೇ, ಆಪರೇಷನ್ ಥಿಯೇಟರಿನಲ್ಲಿ ಅಲ್ಲ ಅನ್ನುವುದು ನನ್ನ ಲೆಕ್ಕ. 2014ರಿಂದ ವೈದ್ಯರು ಪಾದವನ್ನು ಮೂರು ಮುಖದಿಂದ ಅಳೆಯುತ್ತಾರೆ: ಗಾಯ ಎಷ್ಟು ಆಳ, ರಕ್ತ ಎಷ್ಟು ಕೊರತೆ, ಸೋಂಕು ಎಷ್ಟು ಹರಡಿದೆ. ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ. ಮೂರನ್ನೂ ಸೇರಿಸಿ ನಾಲ್ಕು ಹಂತ. ಮೊದಲ ಹಂತದಲ್ಲಿ ಬಂದವರಿಗೂ ನಾಲ್ಕನೇ ಹಂತದಲ್ಲಿ ಬಂದವರಿಗೂ ಒಂದೇ ಬಲೂನ್ ಹಾಕಿದರೂ ಫಲ ಒಂದೇ ಆಗುವುದಿಲ್ಲ. ಒಬ್ಬರಿಗೆ ಚೆನ್ನಾಗಿ ಆಯಿತು, ಇನ್ನೊಬ್ಬರಿಗೆ ಆಗಲಿಲ್ಲ ಅನ್ನುವ ಮಾತು ಕೇಳಿದಾಗ ಇದನ್ನು ನೆನಪಿಡಬೇಕು.

ಕಾಲು ಕೊಡಲು ಒಪ್ಪದ ಅಜ್ಜಿ

ಬ್ಲಾಕ್ ದಾಟಿಸುವುದಕ್ಕೆ ಎರಡು ದಾರಿ. ಹಳೆಯದು ಬೈಪಾಸ್. 1948ರಲ್ಲಿ ಪ್ಯಾರಿಸ್‌ನಲ್ಲಿ ಜಾನ್ ಕುನ್ಲಿನ್ ಎಂಬ ಸರ್ಜನ್, ರೋಗಿಯ ಕಾಲಿನದೇ ಒಂದು ವೇನ್ (ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ನಾಳ) ತೆಗೆದು, ಕಟ್ಟಿದ ಜಾಗದ ಮೇಲಿಂದ ಕೆಳಕ್ಕೆ ಹೊಲಿದರು. ಪಾದದ ಒಳಗಂಟಿನಿಂದ ತೊಡೆಯ ಸಂದಿಯವರೆಗೆ ಚರ್ಮದ ಕೆಳಗೇ ಓಡುವ ಈ ವೇನ್ ದೇಹದಲ್ಲೇ ಅತಿ ಉದ್ದದ್ದು. ಇದನ್ನು ತೆಗೆದರೂ ಕಾಲಿನ ರಕ್ತ ಆಳದ ವೇನ್‌ಗಳ ಮೂಲಕ ಮೇಲಕ್ಕೆ ಹೋಗುತ್ತದೆ. ಒಂದೇ ತೊಡಕು: ಇದರೊಳಗೆ ರಕ್ತ ಮೇಲಕ್ಕೆ ಮಾತ್ರ ಹೋಗುವಂತೆ ಬಿಡುವ ಪುಟ್ಟ ಕವಾಟಗಳಿವೆ. ನಮಗೆ ಬೇಕಾದದ್ದು ಕೆಳಕ್ಕೆ. ಹಾಗಾಗಿ ವೇನನ್ನು ತಲೆಕೆಳಗು ಮಾಡಿ ಹೊಲಿಯುತ್ತಾರೆ, ಇಲ್ಲವೇ ಒಳಗೆ ಸಣ್ಣ ಉಪಕರಣ ತೂರಿಸಿ ಕವಾಟಗಳನ್ನು ಕತ್ತರಿಸುತ್ತಾರೆ.

ಇನ್ನೊಂದು ದಾರಿ ಶುರುವಾದದ್ದು 1964ರ ಜನವರಿ 16ರಂದು, ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ. ಎಂಬತ್ತೆರಡು ವರ್ಷದ ಒಬ್ಬ ಅಜ್ಜಿ. ಪಾದದಲ್ಲಿ ಹುಣ್ಣು, ಬೆರಳು ಕೊಳೆಯುತ್ತಿದೆ. ಕಾಲು ತೆಗೆಯಬೇಕು ಎಂದು ಸರ್ಜನ್‌ಗಳು ಹೇಳಿದರು, ಅಜ್ಜಿ ಸುತರಾಂ ಒಪ್ಪಲಿಲ್ಲ. ಚಾರ್ಲ್ಸ್ ಡಾಟರ್ ಎಂಬ ಎಕ್ಸ್‌ರೇ ವೈದ್ಯರು ಅವರ ತೊಡೆಯ ರಕ್ತನಾಳದ ಕಿರಿದಾದ ಜಾಗದೊಳಗೆ ತೆಳ್ಳನೆಯ ತಂತಿ ತೂರಿಸಿ, ಅದರ ಮೇಲೆ ಒಂದರ ನಂತರ ಒಂದು ದಪ್ಪನೆಯ ನಳಿಕೆ ಜಾರಿಸಿದರು. ಆಗ ಬಲೂನ್ ಇರಲಿಲ್ಲ. ತಣ್ಣಗಿದ್ದ ಪಾದ ಬೆಚ್ಚಗಾಯಿತು, ನೋವು ಹೋಯಿತು, ಹುಣ್ಣು ಮಾಯಿತು. ಅಜ್ಜಿ ಮುಂದೆ ಎರಡು ವರ್ಷಕ್ಕೂ ಹೆಚ್ಚು ಕಾಲ ಬದುಕಿದರು, ತಮ್ಮ ಎರಡೂ ಕಾಲಿನ ಮೇಲೆ. ಹತ್ತು ವರ್ಷದ ನಂತರ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್‌ಸಿಗ್ ನಳಿಕೆಯ ತುದಿಗೆ ಬಲೂನ್ ಕಟ್ಟಿದರು. ಹೃದಯಕ್ಕೆ ಹೋದದ್ದು ಆಮೇಲೆ. ಆಂಜಿಯೋಪ್ಲಾಸ್ಟಿ ಹುಟ್ಟಿದ್ದೇ ಕಾಲಿನಲ್ಲಿ.

ಡಾಟರ್ ಅವರ ಆ ಒಂದು ಕೇಸ್ ಇಂದಿಗೂ ಒಳ್ಳೆಯ ಅಳತೆಗೋಲು. ರಕ್ತನಾಳ ತೆರೆಯಿತು, ನೋವು ಹೋಯಿತು, ಗಾಯ ಮಾಯಿತು, ಕಾಲು ಉಳಿಯಿತು, ಅವರು ನಡೆದಾಡಿದರು. ಐದೂ ಒಟ್ಟಿಗೆ ಆದವು. ಎಲ್ಲರಿಗೂ ಹಾಗಾಗುವುದಿಲ್ಲ.

ಎರಡು ಅಧ್ಯಯನ, ಎರಡು ಉತ್ತರ

ಬೈಪಾಸೋ ಬಲೂನೋ ಎಂದು ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಹಂಚಿ, ಸರಿಯಾಗಿ ಹೋಲಿಸಿದ ಮೊದಲ ದೊಡ್ಡ ಅಧ್ಯಯನ ಬ್ರಿಟನ್ನಿನ ಬೇಸಿಲ್. 452 ರೋಗಿಗಳು, 27 ಆಸ್ಪತ್ರೆ, 2005ರಲ್ಲಿ ಪ್ರಕಟ. ಮೊದಲ ಎರಡು ವರ್ಷದಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸ ಇರಲಿಲ್ಲ. ಎರಡು ವರ್ಷ ದಾಟಿ ಬದುಕಿದವರಲ್ಲಿ ಮೊದಲು ಬೈಪಾಸ್ ಮಾಡಿಸಿಕೊಂಡವರ ಆಯುಷ್ಯ ಸರಾಸರಿ ಏಳು ತಿಂಗಳಷ್ಟು ಜಾಸ್ತಿ ಇತ್ತು ಎಂದು 2010ರಲ್ಲಿ ಬಂದ ಮುಂದಿನ ವರದಿ ಹೇಳಿತು. ಮೊದಲು ಬಲೂನ್ ಮಾಡಿ, ಅದು ಕೈಕೊಟ್ಟ ಮೇಲೆ ಬೈಪಾಸ್ ಮಾಡಿದವರ ಸ್ಥಿತಿ ನೇರವಾಗಿ ಬೈಪಾಸ್ ಮಾಡಿಸಿದವರಿಗಿಂತ ಕೆಟ್ಟದಾಗಿತ್ತು ಎಂಬುದೂ ಅದರಲ್ಲಿತ್ತು. "ಮೊದಲು ಬಲೂನ್ ನೋಡೋಣ, ಆಗದಿದ್ದರೆ ಬೈಪಾಸ್ ಇದ್ದೇ ಇದೆ" ಅನ್ನುವ ಮಾತು ಅಷ್ಟು ಸಲೀಸಲ್ಲ ಅಂತಾಯಿತು.

2005ರ ವರದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ಸಾಲು. ಗಮನಿಸಿದ ಅವಧಿ ಮುಗಿದಾಗ ಶೇ 55 ಜನ ಚಿಕಿತ್ಸೆಯಾದ ಕಾಲು ಉಳಿಸಿಕೊಂಡು ಬದುಕಿದ್ದರು. ಶೇ 8 ಜನ ಆ ಕಾಲು ಕಳೆದುಕೊಂಡು ಬದುಕಿದ್ದರು. ಶೇ 8 ಜನ ಕಾಲು ಕಳೆದುಕೊಂಡು ತೀರಿಕೊಂಡಿದ್ದರು. ಉಳಿದ ಶೇ 29? ಕಾಲು ಇದ್ದ ಹಾಗೆಯೇ ತೀರಿಕೊಂಡಿದ್ದರು. ಕಾಲು ಹೋದವರಿಗಿಂತ, ಕಾಲು ಇದ್ದೂ ಹೋದವರೇ ಜಾಸ್ತಿ. ಕಾಲಿನ ರಕ್ತನಾಳ ಹೀಗೆ ಕಟ್ಟಿದೆ ಎಂದರೆ ಹೃದಯದ್ದೂ ಮಿದುಳಿನದೂ ಬೇರೆ ಥರ ಇರುವುದಿಲ್ಲ. ಅವರನ್ನು ಕೊಂದದ್ದು ಬಹುಪಾಲು ಅದು.

ಇನ್ನು 2022ರ ಅಧ್ಯಯನಕ್ಕೆ ಬರೋಣ. ಹೆಸರು ಬೆಸ್ಟ್-ಸಿಎಲ್‌ಐ. ಅಮೆರಿಕ, ಕೆನಡಾ, ಫಿನ್ಲೆಂಡ್, ಇಟಲಿ, ನ್ಯೂಜಿಲೆಂಡ್ ಸೇರಿ 1,830 ರೋಗಿಗಳು. ಇವರು ಮಾಡಿದ ಜಾಣತನ ಏನೆಂದರೆ, ರೋಗಿಗಳನ್ನು ಮೊದಲೇ ಎರಡು ಗುಂಪು ಮಾಡಿದ್ದು. ಬೈಪಾಸ್‌ಗೆ ಒಗ್ಗುವ ಒಳ್ಳೆಯ ಉದ್ದ ವೇನ್ ಇರುವ 1,434 ಜನ ಒಂದು ಕಡೆ, ಅಂಥ ವೇನ್ ಇಲ್ಲದ 396 ಜನ ಇನ್ನೊಂದು ಕಡೆ. ಒಳ್ಳೆಯ ವೇನ್ ಇದ್ದವರಲ್ಲಿ ಬೈಪಾಸ್ ಗೆದ್ದಿತು. ಸಾವು, ಪಾದದ ಗಂಟಿನ ಮೇಲೆ ಕಾಲು ತೆಗೆಯುವುದು, ಇಲ್ಲವೇ ಅದೇ ಕಾಲಿಗೆ ಮತ್ತೆ ದೊಡ್ಡ ಚಿಕಿತ್ಸೆ, ಈ ಮೂರರಲ್ಲಿ ಒಂದಾದರೂ ಆದವರು ಬೈಪಾಸ್ ಗುಂಪಿನಲ್ಲಿ ಶೇ 42.6, ಬಲೂನ್-ಸ್ಟೆಂಟ್ ಗುಂಪಿನಲ್ಲಿ ಶೇ 57.4. ವೇನ್ ಇಲ್ಲದವರಲ್ಲಿ ಎರಡೂ ಒಂದೇ: ಶೇ 42.8 ಮತ್ತು 47.7, ಈ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ.

ಬೈಪಾಸೇ ಸರಿ ಅಂತ ಸರ್ಜನ್‌ಗಳು ಬೀಗಿದರು. ಸ್ವಲ್ಪ ತಾಳಿ, ಮೂರನ್ನೂ ಬಿಡಿಸಿ ನೋಡೋಣ. ಸಾವು: ಶೇ 33.0 ಮತ್ತು 37.6. ಇಲ್ಲಿ ಗಟ್ಟಿಯಾಗಿ ಹೇಳುವಂಥ ವ್ಯತ್ಯಾಸ ಇಲ್ಲ. ಕಾಲು ತೆಗೆದದ್ದು: ಶೇ 10.4 ಮತ್ತು 14.9. ಇಲ್ಲಿ ಇದೆ. ಮತ್ತೆ ದೊಡ್ಡ ಚಿಕಿತ್ಸೆ: ಶೇ 9.2 ಮತ್ತು 23.5. ಗೆಲುವಿನ ದೊಡ್ಡ ಪಾಲು ಬಂದಿರುವುದು ಇಲ್ಲಿಂದ. ಬಲೂನ್ ಹಾಕಿಸಿಕೊಂಡವರು ಮತ್ತೆ ಮತ್ತೆ ಆಸ್ಪತ್ರೆಗೆ ಬಂದರು.

ಮತ್ತೆ ಬರಬೇಕಾಗುವುದು ಸೋಲೇ? ಒಬ್ಬರಿಗೆ ಹೌದು. ಇನ್ನೊಬ್ಬರಿಗೆ, ತೊಡೆಯಿಂದ ಪಾದದವರೆಗೆ ಕೊಯ್ಯಿಸಿಕೊಂಡು ವಾರಗಟ್ಟಲೆ ಮಲಗುವುದಕ್ಕಿಂತ ತೊಡೆಯ ಸಂದಿಯಲ್ಲಿ ಒಂದು ಸೂಜಿ ರಂಧ್ರ, ಬೇಕಾದರೆ ವರ್ಷದ ನಂತರ ಇನ್ನೊಂದು, ಇದೇ ವಾಸಿ. ಅಧ್ಯಯನದ ಲೆಕ್ಕದಲ್ಲಿ ಮತ್ತೊಂದು ಚಿಕಿತ್ಸೆಗೂ ಸಾವಿಗೂ ಒಂದೇ ತೂಕ. ಮನೆಯಲ್ಲಿ ಹಾಗಲ್ಲ.

2023ರ ಏಪ್ರಿಲ್‌ನಲ್ಲಿ ಬಂದ ಬೇಸಿಲ್-2 ಈ ತೂಕವನ್ನೇ ಬದಲಾಯಿಸಿತು. ಬ್ರಿಟನ್, ಸ್ವೀಡನ್, ಡೆನ್ಮಾರ್ಕ್‌ಗಳ 345 ರೋಗಿಗಳು. ಎಲ್ಲರಿಗೂ ಮೊಣಕಾಲಿನ ಕೆಳಗಿನ ಸಣ್ಣ ರಕ್ತನಾಳಗಳಲ್ಲಿ ಬ್ಲಾಕ್. ಇವರು ಮುಖ್ಯವಾಗಿ ಎಣಿಸಿದ್ದು ಎರಡೇ: ಕಾಲು ಹೋಯಿತೇ, ಜೀವ ಹೋಯಿತೇ. ಮತ್ತೆ ಚಿಕಿತ್ಸೆ ಮಾಡಿಸಿದ್ದು ಆ ಲೆಕ್ಕದಲ್ಲಿ ಇಲ್ಲ. ಎರಡರಲ್ಲಿ ಒಂದಾದರೂ ಆದವರು ಬೈಪಾಸ್ ಗುಂಪಿನಲ್ಲಿ ಶೇ 63, ಬಲೂನ್ ಗುಂಪಿನಲ್ಲಿ ಶೇ 53. ಈ ಸಲ ಬಲೂನ್ ಗೆದ್ದಿತು. ಅದರ ಗೆಲುವು ಬಂದದ್ದು ಕಾಲಿನಿಂದಲೂ ಅಲ್ಲ, ಆ ಗುಂಪಿನಲ್ಲಿ ಸತ್ತವರು ಕಡಿಮೆ ಇದ್ದುದರಿಂದ: ಬೈಪಾಸ್‌ನಲ್ಲಿ ಶೇ 53, ಬಲೂನ್‌ನಲ್ಲಿ ಶೇ 45.

ಹಾಗಾದರೆ ಇವೆರಡು ಒಂದಕ್ಕೊಂದು ಜಗಳ ಆಡುತ್ತಿವೆಯೇ? ನನಗೆ ಹಾಗೆ ಅನ್ನಿಸುವುದಿಲ್ಲ. ರೋಗಿಗಳು ಬೇರೆ, ಬ್ಲಾಕ್ ಇರುವ ಜಾಗ ಬೇರೆ, ಎಣಿಸಿದ್ದು ಬೇರೆ. ಬ್ರಿಟಿಷ್ ಅಧ್ಯಯನದವರು ಹೆಚ್ಚು ವಯಸ್ಸಾದವರು, ಸಾವು ಮೊದಲೇ ಹತ್ತಿರ ಇದ್ದವರು. ಹತ್ತು ವರ್ಷ ಬಾಳಿಕೆ ಬರುವ ರಿಪೇರಿಯ ಲಾಭ ಸಿಗುವುದು ಹತ್ತು ವರ್ಷ ಬದುಕುವವರಿಗೆ. ಎರಡು ವರ್ಷವೂ ಅನುಮಾನ ಅನ್ನುವವರಿಗೆ ಕಡಿಮೆ ನೋವಿನ ರಿಪೇರಿ ಸಾಕು. 2019ರ ಜಾಗತಿಕ ಮಾರ್ಗಸೂಚಿ ಇದನ್ನೇ ಹೇಳಿತ್ತು: ಮೊದಲು ರೋಗಿಯನ್ನು ನೋಡಿ, ಆಮೇಲೆ ಪಾದವನ್ನು, ಕೊನೆಗೆ ಎಕ್ಸ್‌ರೇಯಲ್ಲಿ ಕಾಣುವ ರಕ್ತನಾಳವನ್ನು. ಬಹಳ ಕಡೆ ನಡೆಯುವುದು ಉಲ್ಟಾ. ಬಲೂನ್ ಹಾಕುವವರ ಕೋಣೆಗೆ ಹೋದರೆ ಬಲೂನ್, ಸರ್ಜನ್ ಬಳಿಗೆ ಹೋದರೆ ಬೈಪಾಸ್.

ಎರಡು ಅಧ್ಯಯನಗಳಿಗೂ ಒಂದೇ ಕೊರತೆ ಇದೆ. ಬೇಸಿಲ್-2ರಲ್ಲಿ ಹೆಂಗಸರು ಶೇ 19 ಮಾತ್ರ, ಅಮೆರಿಕದ್ದರಲ್ಲಿ ಮೂರನೇ ಒಂದು ಪಾಲಿಗಿಂತ ಕಡಿಮೆ. ಹೆಂಗಸರ ರಕ್ತನಾಳ ಸಣ್ಣದು, ವೇನ್ ಸಣ್ಣದು. ಗಂಡಸರ ಕಾಲಿನಿಂದ ಬಂದ ಲೆಕ್ಕವನ್ನು ಅವರ ಕಾಲಿಗೆ ಹಾಗೇ ಹೊಂದಿಸಲು ಬರುವುದಿಲ್ಲ.

ಇದೆಲ್ಲದರಿಂದ ರೋಗಿಯ ಕೈಗೆ ಸಿಗುವ ಗಟ್ಟಿ ವಿಷಯ ಒಂದಿದೆ: ವೇನ್. ಬೈಪಾಸ್ ಬೇಕೋ ಬೇಡವೋ ಎಂದು ನಿರ್ಧರಿಸುವ ಮೊದಲು ಅಲ್ಟ್ರಾಸೌಂಡ್‌ನಲ್ಲಿ ವೇನ್ ಎಷ್ಟು ಉದ್ದ, ಎಷ್ಟು ದಪ್ಪ ಎಂದು ನೋಡಬೇಕು. ಇದಕ್ಕೆ ಸೂಜಿಯೂ ಬೇಡ, ಬಣ್ಣದ ಔಷಧಿಯೂ ಬೇಡ. ಸುಮಾರು 3 ಮಿಲಿಮೀಟರ್ ದಪ್ಪ ಇದ್ದರೆ ಕೆಲಸಕ್ಕೆ ಬರುತ್ತದೆ. ಹಿಂದೆ ಹೃದಯದ ಬೈಪಾಸ್ ಆಗಿದ್ದರೆ ಅದನ್ನು ಆಗಲೇ ತೆಗೆದಿರಬಹುದು. ವೇರಿಕೋಸ್‌ಗೆ ಚಿಕಿತ್ಸೆ ಆಗಿದ್ದರೆ ಸುಟ್ಟಿರಬಹುದು. ಪ್ಲಾಸ್ಟಿಕ್ ಕೊಳವೆಯೂ ಉಂಟು. ಆದರೆ ಮೊಣಕಾಲಿನ ಕೆಳಗೆ ಅದು ಸ್ವಂತ ವೇನ್‌ನಷ್ಟು ಬಾಳುವುದಿಲ್ಲ.

99, 76, 25

ಹೊಸ ಉಪಕರಣಗಳ ಸುದ್ದಿ ಬಂದಾಗಲೂ ಅದೇ ಪ್ರಶ್ನೆ ಕೇಳಬೇಕು.

ಇದಕ್ಕೆ ನನಗೆ ಸಿಕ್ಕ ಅತ್ಯುತ್ತಮ ಉದಾಹರಣೆ 2023ರಲ್ಲಿ ಪ್ರಕಟವಾದ ಪ್ರಾಮಿಸ್-2. ಬಲೂನೂ ಆಗದು, ಬೈಪಾಸೂ ಆಗದು, ಪಾದದಲ್ಲಿ ಹೊಲಿಯುವುದಕ್ಕೆ ಒಂದೂ ರಕ್ತನಾಳ ಉಳಿದಿಲ್ಲ ಅನ್ನುವ 105 ಜನ. ಕಾಲು ತೆಗೆಯುವುದೊಂದೇ ಬಾಕಿ. ಇವರ ಮೀನಖಂಡದಲ್ಲಿ, ಹೃದಯದಿಂದ ರಕ್ತ ತರುವ ಅಪಧಮನಿಯಿಂದ ಪಕ್ಕದ ವೇನ್‌ಗೆ ಒಳಗಿನಿಂದಲೇ ಸುರಂಗ ಕೊರೆದು, ಸ್ಟೆಂಟ್ ಹಾಸಿ, ವೇನ್ ಮೂಲಕವೇ ಶುದ್ಧ ರಕ್ತವನ್ನು ಪಾದಕ್ಕೆ ಹಿಂದುಮುಂದಾಗಿ ಹರಿಸಿದರು. ಚರಂಡಿ ಪೈಪಿನಲ್ಲಿ ಕುಡಿಯುವ ನೀರು ತಂದ ಹಾಗೆ. ಕೇಳುವುದಕ್ಕೇ ಹುಚ್ಚು ಅನ್ನಿಸುತ್ತದೆ, ಆದರೆ ಕೆಲಸ ಮಾಡಿತು. ಈಗ ಲೆಕ್ಕ ನೋಡಿ. ಜೋಡಣೆ ಕೈಗೂಡಿದ್ದು ಶೇ 99 ಜನರಲ್ಲಿ. ಆರು ತಿಂಗಳಲ್ಲಿ ಕಾಲು ಉಳಿದದ್ದು ಶೇ 76. ಕಾಲೂ ಉಳಿದು ಜೀವವೂ ಉಳಿದವರು ಶೇ 66. ಆರು ತಿಂಗಳ ಹೊತ್ತಿಗೆ ಗಾಯ ಪೂರ್ತಿ ಮಾಯ್ದದ್ದು ಪರೀಕ್ಷಿಸಿದವರಲ್ಲಿ ಶೇ 25, ಇನ್ನರ್ಧ ಜನರದು ಮಾಯುತ್ತಾ ಇತ್ತು. ಒಂದೇ ಅಧ್ಯಯನದಿಂದ ಜಾಹೀರಾತಿಗೆ 99 ಎತ್ತಿಕೊಳ್ಳಬಹುದು, ಎಚ್ಚರಿಕೆಗೆ 25 ಎತ್ತಿಕೊಳ್ಳಬಹುದು. ಎರಡೂ ಸುಳ್ಳಲ್ಲ. ಬೇರೆ ದಾರಿಯೇ ಇಲ್ಲದವರಲ್ಲಿ ಮೂರರಲ್ಲಿ ಎರಡು ಪಾಲು ಕಾಲಿನೊಂದಿಗೆ ಬದುಕಿದ್ದರು ಅನ್ನುವುದು ನನ್ನ ಮಟ್ಟಿಗೆ ದೊಡ್ಡ ಸುದ್ದಿಯೇ. ಆದರೆ ಹೋಲಿಸಲು ಇನ್ನೊಂದು ಗುಂಪು ಅದರಲ್ಲಿ ಇರಲಿಲ್ಲ.

ಅದೇ ವರ್ಷ ಮೊಣಕಾಲಿನ ಕೆಳಗಿನ ರಕ್ತನಾಳಕ್ಕೆ ಕರಗಿಹೋಗುವ, ಔಷಧಿ ಲೇಪಿಸಿದ ಸ್ಟೆಂಟ್‌ನ ಅಧ್ಯಯನ ಬಂದಿತು. 261 ರೋಗಿಗಳಲ್ಲಿ ಒಂದು ವರ್ಷದ ಹೊತ್ತಿಗೆ ಕಾಲು ಹೋಗದೆ, ರಕ್ತನಾಳ ಮತ್ತೆ ಕಟ್ಟದೆ ಉಳಿದವರು ಸ್ಟೆಂಟ್ ಗುಂಪಿನಲ್ಲಿ ಶೇ 74, ಬರೀ ಬಲೂನ್ ಗುಂಪಿನಲ್ಲಿ ಶೇ 44. ಬರೀ ಬಲೂನ್ ಸೋತಿತು. ಬಿಡಿಸಿ ನೋಡಿದರೆ, ಎರಡೂ ಗುಂಪಿನಲ್ಲಿ ಕಾಲು ಹೋದವರು ಬೆರಳೆಣಿಕೆ. ವ್ಯತ್ಯಾಸ ಬಂದದ್ದು ರಕ್ತನಾಳ ಮತ್ತೆ ಕಿರಿದಾಗದೆ ಉಳಿದದ್ದರಲ್ಲಿ.

ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಔಷಧಿ ಲೇಪಿಸಿದ ಬಲೂನ್‌ಗಳದ್ದು ಇನ್ನೊಂದು ಪಾಠ. ರಕ್ತನಾಳ ಮತ್ತೆ ಕಟ್ಟುವುದನ್ನು ಇವು ತಡೆಯುತ್ತವೆ ಅಂತ ಎಲ್ಲೆಡೆ ಬಳಕೆಗೆ ಬಂದವು. 2018ರ ಕೊನೆಯಲ್ಲಿ, ಇವನ್ನು ಬಳಸಿದವರಲ್ಲಿ ಕೆಲ ವರ್ಷದ ನಂತರ ಸಾವು ಜಾಸ್ತಿ ಎಂಬ ವಿಶ್ಲೇಷಣೆ ಬಂದು ಗಾಬರಿ ಹಬ್ಬಿತು. ಮುಂದೆ ಹೆಚ್ಚಿನ ರೋಗಿಗಳ ಲೆಕ್ಕ ಸೇರಿಸಿ ನೋಡಿದಾಗ ಅದು ನಿಲ್ಲಲಿಲ್ಲ. 2023ರ ಜುಲೈನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಹೆಚ್ಚುವರಿ ಸಾವಿಗೆ ಪುರಾವೆ ಇಲ್ಲ ಎಂದರು. ಕೊಲ್ಲುವುದಿಲ್ಲ ಅನ್ನುವುದು ತಿಳಿಯಿತು. ಕಾಲು ಉಳಿಸುತ್ತವೆಯೇ ಅನ್ನುವುದು ಬೇರೆ ಪ್ರಶ್ನೆ.

ಜೀನ್ ಚಿಕಿತ್ಸೆ, ಸ್ಟೆಮ್ ಸೆಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೊಸ ರಕ್ತನಾಳ ಬೆಳೆಸುವ ಜೀನ್ ಚುಚ್ಚಿ 525 ರೋಗಿಗಳಲ್ಲಿ ನೋಡಿದ ಟಮಾರಿಸ್ ಅಧ್ಯಯನ 2011ರಲ್ಲಿ ಬರಿಗೈಯಲ್ಲಿ ಮುಗಿಯಿತು. ಎಲುಬಿನ ಮಜ್ಜೆಯ ಕೋಶ ಕೊಟ್ಟು ನೋಡಿದ ಜುವೆಂಟಾಸ್ 2015ರಲ್ಲಿ ಹಾಗೆಯೇ ಆಯಿತು. ಸಣ್ಣ ಅಧ್ಯಯನಗಳಲ್ಲಿ ಹೊಳೆದದ್ದು ದೊಡ್ಡದರಲ್ಲಿ ನಂದಿತು.

ಮಾತ್ರೆ ಮತ್ತು ಬೀಡಿ

ಕಾಲಿದ್ದೂ ತೀರಿಕೊಂಡ ಶೇ 29 ಜನರ ಬಗ್ಗೆ ಹೇಳಿದೆನಲ್ಲ, ಅವರನ್ನು ಬಲೂನೂ ಉಳಿಸುವುದಿಲ್ಲ, ಬೈಪಾಸೂ ಉಳಿಸುವುದಿಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್, ರಕ್ತ ಹೆಪ್ಪುಗಟ್ಟದಂತೆ ನೋಡುವ ಮಾತ್ರೆ, ಬಿಪಿ-ಶುಗರ್ ಹಿಡಿತ, ಮತ್ತು ಸಿಗರೇಟು-ಬೀಡಿ ಬಿಡುವುದು. ಇದರಲ್ಲಿ ಹೊಸದು ಏನಿಲ್ಲ, ಹಾಗಾಗಿಯೇ ಯಾರೂ ಕಿವಿಗೊಡುವುದಿಲ್ಲ. ಹತ್ತಾರು ಸಾವಿರ ಖರ್ಚಿನ ಸ್ಟೆಂಟ್ ಹಾಕಿಸಿಕೊಂಡವರು ಸ್ಟಾಟಿನ್ ಮಾತ್ರೆ ಎರಡನೇ ತಿಂಗಳಿಗೇ ನಿಲ್ಲಿಸಿಬಿಡುತ್ತಾರೆ.

2020ರಲ್ಲಿ ಬಂದ ವಾಯೇಜರ್ ಅಧ್ಯಯನ 6,564 ಜನರದ್ದು. ಕಾಲಿನ ಬ್ಲಾಕ್ ತೆಗೆದ ಮೇಲೆ ಆಸ್ಪಿರಿನ್ ಜೊತೆಗೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಿವರಾಕ್ಸಬಾನ್ 2.5 ಮಿಲಿಗ್ರಾಂ ದಿನಕ್ಕೆ ಎರಡು ಸಲ ಕೆಲವರಿಗೆ ಕೊಟ್ಟರು, ಉಳಿದವರಿಗೆ ಬರೀ ಆಸ್ಪಿರಿನ್. ಮೂರು ವರ್ಷದಲ್ಲಿ ಹೃದಯಾಘಾತ, ಪಾರ್ಶ್ವವಾಯು, ಕಾಲಿನ ಅನಾಹುತ, ಹೃದಯ ಸಂಬಂಧಿ ಸಾವು ಎಲ್ಲ ಸೇರಿ ಬರೀ ಆಸ್ಪಿರಿನ್ ಗುಂಪಿನಲ್ಲಿ ಶೇ 19.9 ಇದ್ದದ್ದು, ಎರಡೂ ಕೊಟ್ಟ ಗುಂಪಿನಲ್ಲಿ 17.3ಕ್ಕೆ ಇಳಿಯಿತು. ಬದಲಿಗೆ ರಕ್ತಸ್ರಾವ ಸ್ವಲ್ಪ ಹೆಚ್ಚಿತು. ಲಾಭ ಸಣ್ಣದು, ಆದರೆ ಗಟ್ಟಿ. ರಕ್ತಸ್ರಾವದ ಭಯ ಇರುವವರಿಗೆ ಹೊಂದುವುದಿಲ್ಲ, ವೈದ್ಯರೇ ತೂಗಿ ಹೇಳಬೇಕು.

ಕಾಲು ತೆಗೆಯುವುದು

ಕಾಲು ತೆಗೆಯುವುದನ್ನು ಎಲ್ಲ ಅಧ್ಯಯನಗಳೂ ಸೋಲಿನ ಕಾಲಂನಲ್ಲಿ ಹಾಕುತ್ತವೆ. ಒಂದು ಸಂಗತಿ ಆ ಕಾಲಂಗೆ ನಿಜಕ್ಕೂ ಸೇರಬೇಕಾದ್ದು: ಅಮೆರಿಕದ ವಿಮೆ ದಾಖಲೆಗಳನ್ನು ಜಾಲಾಡಿದಾಗ, ಕಾಲು ತೆಗೆಸಿಕೊಂಡವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಹಿಂದಿನ ಒಂದು ವರ್ಷದಲ್ಲಿ ರಕ್ತನಾಳ ತೆರೆಯುವ ಪ್ರಯತ್ನವೇ ಆಗಿರಲಿಲ್ಲ. ಬೈಪಾಸೋ ಬಲೂನೋ ಎಂದು ತಜ್ಞರು ಜಗಳ ಆಡುತ್ತಿದ್ದರೆ, ಇವರು ಆ ಜಗಳದ ಬಾಗಿಲಿಗೂ ಬಂದಿರಲಿಲ್ಲ. ರಕ್ತನಾಳ ನೋಡದೆ ಕಾಲು ತೆಗೆಯಬೇಕು ಅಂದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಲೇಬೇಕು.

ಆದರೆ ಕೆಲವರಿಗೆ ಅದೇ ಸರಿಯಾದ ಚಿಕಿತ್ಸೆ. ವರ್ಷಗಳಿಂದ ಹಾಸಿಗೆ ಹಿಡಿದವರು, ಪಾದದ ಸೋಂಕು ಮೈಯೆಲ್ಲ ಹರಡುತ್ತಿರುವವರು, ಐದು ಸಲ ಬಲೂನ್ ಹಾಕಿಸಿ ಒಂದು ದಿನವೂ ನೋವು ತಪ್ಪದವರು. ಇಂಥವರಿಗೆ "ಕಾಲು ಉಳಿಯಿತು" ಅನ್ನುವುದು ಆಸ್ಪತ್ರೆಯ ಗೆಲುವೇ ಹೊರತು ಅವರದ್ದಲ್ಲ. ಅಲ್ಲಿ ಮುಖ್ಯವಾಗುವುದು ಮೊಣಕಾಲು. ಅದನ್ನು ಉಳಿಸಿಕೊಂಡು ಕೆಳಗೆ ತೆಗೆದರೆ ಕೃತಕ ಕಾಲಿನಲ್ಲಿ ನಡೆಯಲು ಮೊದಲಿಗಿಂತ ಸುಮಾರು ನಾಲ್ಕನೇ ಒಂದು ಪಾಲು ಹೆಚ್ಚು ಶಕ್ತಿ ಬೇಕು. ಮೊಣಕಾಲಿನ ಮೇಲೆ ತೆಗೆದರೆ ಅರ್ಧಕ್ಕಿಂತಲೂ ಜಾಸ್ತಿ. ಹೃದಯ ದುರ್ಬಲ ಇರುವ ಎಪ್ಪತ್ತು ದಾಟಿದವರಿಗೆ ಆ ವ್ಯತ್ಯಾಸ ಅಂದರೆ ಮನೆಯೊಳಗೆ ಓಡಾಡುವುದಕ್ಕೂ ಗಾಲಿಕುರ್ಚಿಗೂ ಇರುವ ವ್ಯತ್ಯಾಸ. ಬೆರಳು ಮಾತ್ರ ತೆಗೆದದ್ದು ಅಧ್ಯಯನದಲ್ಲಿ "ಸಣ್ಣದು". ಹೆಬ್ಬೆರಳಿಲ್ಲದೆ ನಡೆಯಲು ಕಲಿತವರನ್ನು ಕೇಳಿದರೆ ಬೇರೆ ಹೇಳುತ್ತಾರೆ.

ಮಾಯ್ದ ಮೇಲೆ

ಚಿಕಿತ್ಸೆ ಸರಿಯಾಗಿ ಆಗಿ, ಗಾಯ ಮಾಯ್ದು, ರಾತ್ರಿ ಕಾಲು ಚಾಚಿ ಮಲಗುವಂತಾದವರಿಗೆ ಇನ್ನೊಂದು ವರ್ಷ ನಾಜೂಕಿನದು. ಬೈಪಾಸ್‌ಗೆ ಹೊಲಿದ ವೇನ್ ಕಿರಿದಾಗತೊಡಗುವುದು ಬಹುತೇಕ ಮೊದಲ ವರ್ಷದಲ್ಲೇ. ಆಗ ನೋವು ಇರುವುದಿಲ್ಲ, ಪಾದ ಬೆಚ್ಚಗೇ ಇರುತ್ತದೆ. ಪೂರ್ತಿ ಕಟ್ಟಿದ ಮೇಲೆ ಬಿಡಿಸುವುದು ಕಷ್ಟ, ಕಿರಿದಾಗುತ್ತಿರುವಾಗ ಸಿಕ್ಕರೆ ಒಂದು ಸಣ್ಣ ಬಲೂನ್ ಸಾಕು. ಅದಕ್ಕೇ ಒಂದು ತಿಂಗಳಿಗೆ, ಮೂರು, ಆರು, ಹನ್ನೆರಡನೇ ತಿಂಗಳಿಗೆ ಬಂದು ಹೋಗಿ ಅನ್ನುತ್ತಾರೆ. ಕಾಲಿನ ಒಳಬದಿಗೆ ತಣ್ಣನೆಯ ಜೆಲ್ ಹಚ್ಚಿ, ತೊಡೆಯ ಸಂದಿಯಿಂದ ಪಾದದವರೆಗೆ ಅಲ್ಟ್ರಾಸೌಂಡ್ ಯಂತ್ರದ ಹಿಡಿಕೆಯನ್ನು ನಿಧಾನ ಜಾರಿಸುತ್ತಾರೆ. ಯಂತ್ರದಲ್ಲಿ ಹುಯ್ಯ್, ಹುಯ್ಯ್ ಎಂಬ ಸದ್ದು ಬರುತ್ತಿರುತ್ತದೆ. ಎಲ್ಲೋ ಒಂದು ಕಡೆ ಆ ಸದ್ದು ಸಣ್ಣಗಾಗಿ, ಕೀರಲು ದನಿಯಾದರೆ ಅಲ್ಲಿ ಹಿಡಿಕೆ ನಿಲ್ಲುತ್ತದೆ. ಟೆಕ್ನಿಷಿಯನ್ ಮಾತು ನಿಲ್ಲಿಸಿ ಸ್ಕ್ರೀನ್ ಕಡೆ ಬಾಗುತ್ತಾರೆ.